ನಮ್ಮೂರ ಡೇರಿ ಪೆಟ್ಟಿಗೆಗೆ ನಂಬರೇ ಇರಲಿಲ್ಲ

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಇಲ್ಲೇ ನಾನೊಂದು ಬರಹ ಹಾಕಿದ್ದೆ. ನಮ್ಮೂರ ಹಾಲಿನ ಡೇರಿಯಲ್ಲಿ ಒಂದು ತಿಂಗಳ 60 ಹೊತ್ತಿನಲ್ಲಿ 17 ಹೊತ್ತು ಚೀಟಿ ಕೊಟ್ಟಿಲ್ಲ ಅಂತ. ಆ ಲೆಕ್ಕ ಸರಿಯಾಗಿತ್ತು. ನಮ್ಮಮ್ಮ ಡೇರಿ ಚೀಟಿಗಳನ್ನೆಲ್ಲ ಒಂದು ತಂತಿಗೆ ಚುಚ್ಚಿ ಅಡುಗೆಮನೆ ಗೂಟಕ್ಕೆ ನೇತುಹಾಕಿರುತ್ತಾಳೆ. ಅದನ್ನೇ ಇಳಿಸಿ, ಬೆಳಗ್ಗೆ ಬೇರೆ ಸಂಜೆ ಬೇರೆ ಮಾಡಿ ಎಣಿಸಿದ್ದೆ.

ಆದರೆ ಬರಹದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ‘ಚೀಟಿ ಇಲ್ಲದ ಹೊತ್ತು ಮೆಷಿನ್ನನ್ನು ಬೇಕಂತಲೇ ಬಂದ್ ಮಾಡಲಾಗುತ್ತಿದೆ ಎಂದು ಹಾಲು ಹಾಕುವವರು ಹೇಳುತ್ತಾರೆ.’ ಹಾಗೆ ಹೇಳಿದ್ದು ಇಬ್ಬರು. ಅದರಲ್ಲಿ ಒಬ್ಬರು ನಮ್ಮ ದೊಡ್ಡಪ್ಪ.

ಬರಹ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಡೇರಿ ಸೆಕ್ರೆಟ್ರಿಯನ್ನು ನಾನು ಚಿಕ್ಕಂದಿನಿಂದ ಮಾವ ಅಂತಲೇ ಕರೆಯೋದು. ಅವರು ನನ್ನನ್ನು ಮಾತಾಡಿಸೋದು ಬಿಟ್ಟರು. ಸಭೆಯಲ್ಲಿ ಯಾರೋ ಎದ್ದು ಫೋನ್ ಹಿಡಿದು ನನ್ನ ಸಾಲನ್ನೇ ಗಟ್ಟಿಯಾಗಿ ಓದಿದರಂತೆ. ಮಾವ ಉತ್ತರ ಕೊಡಲಿಲ್ಲ. ಯುಗಾದಿ ಆದಮೇಲೆ ನನ್ನನ್ನು ಬಿಟ್ಟುಬಿಡಿ, ಬೇರೆಯವರನ್ನು ನೋಡಿಕೊಳ್ಳಿ ಅಂತ ಅಧ್ಯಕ್ಷರ ಕೈಗೆ ಕಾಗದ ಕೊಟ್ಟರು.

ಬರೆಯುವ ಮುಂಚೆ ನಾನು ಅವರನ್ನು ಕೇಳಿರಲಿಲ್ಲ ಅಂತಲ್ಲ. ಕೇಳಿದ್ದೆ. ‘ಕರೆಂಟ್ ಹೋಗಿ ಬಂದ್ರೆ ಅದ್ಕೇನೋ ಆಗ್ತದಪ್ಪಾ, ನಂಗೊತ್ತಿಲ್ಲ’ ಅಂದಿದ್ದರು. ಕರೆಂಟ್ ಬಂದ ಮೇಲೂ ಮೆಷಿನ್ ಯಾಕೆ ಓಡಲ್ಲ ಅಂದರೆ ಅದಕ್ಕೆ ಅವರ ಹತ್ತಿರ ಮಾತಿರಲಿಲ್ಲ. ಮಾತಿಲ್ಲದ ಕಡೆ ನಾನೊಂದು ಮಾತು ತುಂಬಿದೆ.

ಯುಗಾದಿಗೆ ಬೆಂಗಳೂರಿನಿಂದ ಅಕ್ಕ ಬಂದಳು. ಚಿಕ್ಕಪ್ಪನ ಮಗಳು. ಅವಳ ಕೆಲಸ ಏನು ಅಂತ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸಾಫ್ಟ್‌ವೇರ್ ಅಂದರೆ ಸಾಕಾಗುತ್ತಿತ್ತು. ಅವಳು ಬರೆಯೋದು ಡ್ರೈವರ್. ಬಸ್ಸಿನ ಡ್ರೈವರ್ ಅಲ್ಲ. ಕಂಪ್ಯೂಟರಿನ ಒಳಗೆ ಒಂದೊಂದು ಚಿಪ್ಪಿಗೂ ಒಬ್ಬ ದುಭಾಷಿ ಬೇಕು. ನೆಟ್ ಜೋಡಿಸುವ ಚಿಪ್ಪಿಗೆ ಒಂದು, ಪರದೆಗೆ ಒಂದು, ಬ್ಯಾಟರಿ ಚಾರ್ಜ್ ಮಾಡುವುದಕ್ಕೆ ಒಂದು. ಆ ದುಭಾಷಿ ಪ್ರೋಗ್ರಾಮೇ ಡ್ರೈವರ್. ಲಿನಕ್ಸ್ ಅಂತ ಒಂದು ಆಪರೇಟಿಂಗ್ ಸಿಸ್ಟಮ್ ಇದೆ. 1991ರಲ್ಲಿ ಫಿನ್‌ಲ್ಯಾಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ಹುಡುಗ ಶುರುಮಾಡಿದ್ದು. ನೀವು ಇದನ್ನು ಓದುತ್ತಿರುವ ಫೋನ್ ಆಂಡ್ರಾಯ್ಡ್ ಆಗಿದ್ದರೆ ಅದರ ಬುಡದಲ್ಲಿರುವುದೂ ಅದೇ. ನಮ್ಮೂರ ಡೇರಿಯ ಪೆಟ್ಟಿಗೆಯಲ್ಲಿರುವುದೂ ಅದೇ ಅಂತ ಅವತ್ತು ಗೊತ್ತಾಯಿತು.

ಹಬ್ಬದ ಮಾರನೇ ಸಂಜೆ ಅಮ್ಮನ ಬದಲು ನಾವಿಬ್ಬರೂ ಹಾಲು ತಗೊಂಡು ಹೋದೆವು. ಮಾವ ನನ್ನ ಕಡೆ ನೋಡಲಿಲ್ಲ, ಅಕ್ಕನನ್ನು ಮಾತಾಡಿಸಿದರು. ಅವತ್ತೂ ಚೀಟಿ ಇರಲಿಲ್ಲ. ತೂಕದ ಯಂತ್ರ ಓಡುತ್ತಿತ್ತು, ಫ್ಯಾಟ್ ನೋಡುವ ಯಂತ್ರವೂ ಓಡುತ್ತಿತ್ತು. ಮಾವ ಎರಡನ್ನೂ ನೋಡಿ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಪೆಟ್ಟಿಗೆಯ ಪರದೆ ಮೇಲೆ ಮಾತ್ರ ‘ಸರ್ವರ್ ಸಿಗುತ್ತಿಲ್ಲ’ ಅಂತ ಇಂಗ್ಲಿಷಿನಲ್ಲಿ ನಿಂತಿತ್ತು. ಪ್ರತಿ ಹೊತ್ತು ಶುರುವಾಗುವಾಗ ಆ ಪೆಟ್ಟಿಗೆ ನೆಟ್ ಮೂಲಕ ದರಪಟ್ಟಿ ತರಿಸಿಕೊಳ್ಳಬೇಕು. ಪಟ್ಟಿ ಬರದಿದ್ದರೆ ಹೊತ್ತು ತೆರೆಯಲ್ಲ, ತೆರೆಯದಿದ್ದರೆ ಚೀಟಿ ಇಲ್ಲ.

‘ಮಾವ, ನೋಡ್ಲಾ ಒಂದ್ ಸಲ?’ ಅಂದಳು ಅಕ್ಕ.

‘ನೋಡವ್ವಾ. ಕೆಟ್ಟೋದ್ರೆ ಇನ್ನೇನ್ ಕೆಡ್ತದೆ.’

ಪಾಸ್‌ವರ್ಡ್ ಬೇಕಲ್ಲ ಅಂದುಕೊಂಡೆ. ಅದನ್ನು ಟೆಕ್ನಿಷಿಯನ್ ಪೆಟ್ಟಿಗೆಯ ನೆತ್ತಿ ಮೇಲೆಯೇ ಚೀಟಿ ಅಂಟಿಸಿ ಬರೆದಿಟ್ಟಿದ್ದ. ಆ ಚೀಟಿಗೆ ಮಾತ್ರ ಬರ ಇರಲಿಲ್ಲ.

ಅಕ್ಕ ಮೊದಲು ನೋಡಿದ್ದು ಪೆಟ್ಟಿಗೆಯನ್ನಲ್ಲ, ಗೂಡಿನಲ್ಲಿಟ್ಟಿದ್ದ ರೂಟರನ್ನು. ಸಿಮ್ ಹಾಕುವ ಥರದ್ದು, ಒಳಗೆ ಸಣ್ಣ ಬ್ಯಾಟರಿ ಇದೆ, ಕರೆಂಟ್ ಹೋದರೂ ಅದು ಆರುವುದಿಲ್ಲ. ಅದರ ಪುಟ ತೆರೆದರೆ ಈಗ ಯಾರ್ಯಾರು ಜೋಡಣೆಯಾಗಿದ್ದಾರೆ ಅಂತ ಪಟ್ಟಿ ಬರುತ್ತದೆ. ಆರು ಸಾಲಿತ್ತು. ಒಂದು ಮಾವನ ಫೋನು. ಉಳಿದ ಐದೂ ಸಾಲಿನಲ್ಲಿ ಒಂದೇ ಹೆಸರು, ಡೇರಿ ಪೆಟ್ಟಿಗೆಯದು. ಪೆಟ್ಟಿಗೆ ಇರುವುದು ಒಂದೇ.

‘ಐದ್ ಪೆಟ್ಗೆ ಎಲ್ಲಿದಾವೆ ಮಾವ?’

ಮಾವ ನಗಲಿಲ್ಲ. ನನಗೆ ಎದೆ ಸ್ವಲ್ಪ ಹೊಡೆದುಕೊಂಡಿತು. ನಾನು ಬರೆಯದೇ ಬಿಟ್ಟಿದ್ದ ಇನ್ನೇನೋ ಮೋಸ ಇದೆ ಅಂತ ಒಂದು ಕ್ಷಣ ಅನ್ನಿಸಿತು. ಅಷ್ಟು ಬೇಗ.

ಅಕ್ಕ ಆ ಐದು ಸಾಲಿನ ಪಕ್ಕದಲ್ಲಿದ್ದ ನಂಬರುಗಳ ಮೇಲೆ ಬೆರಳಿಟ್ಟಳು. ಅದಕ್ಕೆ ಮ್ಯಾಕ್ ವಿಳಾಸ ಅನ್ನುತ್ತಾರೆ. ನೆಟ್ಟಿಗೆ ಜೋಡಿಸುವ ಪ್ರತಿ ಯಂತ್ರಕ್ಕೂ ಆರು ಜೋಡಿ ಅಂಕಿ ಅಕ್ಷರಗಳ ಒಂದು ನಂಬರ್ ಇರಬೇಕು. ದನದ ಕಿವಿಗೆ ಹಾಕುವ ಓಲೆ ನಂಬರ್ ಇದ್ದ ಹಾಗೆ. ಸಾಮಾನ್ಯವಾಗಿ ಮೊದಲ ಮೂರು ಜೋಡಿ ಯಾವ ಕಂಪನಿ ಅಂತ ಹೇಳುತ್ತದೆ, ಅದನ್ನು ಹಂಚುವುದು ಐಇಇಇ ಅನ್ನುವ ಸಂಸ್ಥೆ. ಉಳಿದ ಮೂರು ಜೋಡಿ ಕಂಪನಿ ತಾನೇ ಒಂದೊಂದು ಯಂತ್ರಕ್ಕೂ ಬೇರೆ ಬೇರೆ ಕೊಡುವುದು. ಡೇರಿ ಪೆಟ್ಟಿಗೆಯ ಐದು ನಂಬರುಗಳು ಶುರುವಾಗುತ್ತಿದ್ದದ್ದು ಬಿ6, 3ಇ, 72, ಡಿಎ, 0ಎ ಅಂತ.

‘ಎರಡನೇ ಅಕ್ಷರ ನೋಡು. ಆರು, ಇ, ಎರಡು, ಎ, ಎ. ಎರಡನೇ ಜಾಗದಲ್ಲಿ 2, 6, ಎ, ಇ ಈ ನಾಲ್ಕರಲ್ಲಿ ಒಂದಿದ್ರೆ ಅದು ಕಂಪನಿ ಕೊಟ್ಟ ನಂಬರಲ್ಲ. ಪೆಟ್ಗೆ ಒಳಗಡೆ ಯಾರೋ ಆ ಹೊತ್ತಿಗೆ ಹುಟ್ಸಿರೋದು.’

ನಿಮ್ಮ ಫೋನಿನಲ್ಲೂ ನೋಡಬಹುದು. ಸೆಟ್ಟಿಂಗ್ಸ್‌ನಲ್ಲಿ ವೈಫೈ ಒಳಗೆ ಹೋಗಿ, ಜೋಡಣೆಯಾಗಿರುವ ನೆಟ್ಟಿನ ವಿವರ ತೆರೆದರೆ ಮ್ಯಾಕ್ ವಿಳಾಸ ಸಿಗುತ್ತದೆ. ಆಂಡ್ರಾಯ್ಡ್ 10 ಬಂದಮೇಲೆ ಫೋನುಗಳೂ ಸಾಮಾನ್ಯವಾಗಿ ಇಂಥ ಹುಟ್ಟಿಸಿದ ನಂಬರನ್ನೇ ಹೊರಗೆ ತೋರಿಸುತ್ತವೆ, ಯಾರೂ ನಮ್ಮನ್ನು ಅಂಗಡಿಯಿಂದ ಅಂಗಡಿಗೆ ಹಿಂಬಾಲಿಸದಿರಲಿ ಅಂತ. ಆದರೆ ಫೋನು ಒಂದು ವೈಫೈಗೆ ಒಂದು ನಂಬರ್ ಅಂತ ನೆನಪಿಟ್ಟುಕೊಂಡು, ಮತ್ತೆ ಅಲ್ಲಿಗೆ ಹೋದಾಗ ಅದೇ ನಂಬರ್ ಹೇಳುತ್ತದೆ. ಡೇರಿ ಪೆಟ್ಟಿಗೆಗೆ ಆ ನೆನಪಿರಲಿಲ್ಲ. ಪ್ರತಿ ಸಲ ಆರಿ ಹತ್ತಿದಾಗ ಹೊಸ ನಂಬರ್.

ಅಕ್ಕ ಪೆಟ್ಟಿಗೆಯ ಲಾಗ್ ತೆರೆದಳು. ಲಾಗ್ ಅಂದರೆ ಯಂತ್ರ ಎದ್ದಾಗಿನಿಂದ ಏನೇನು ಮಾಡಿದೆ ಅಂತ ತಾನೇ ಬರೆದುಕೊಳ್ಳುವ ದಿನಚರಿ. ನೂರಾರು ಸಾಲು ಸರ್ರನೆ ಹೋದವು. ಒಂದು ಕಡೆ ನಿಲ್ಲಿಸಿದಳು. ನೆಟ್ ಚಿಪ್ಪಿನ ಡ್ರೈವರ್ ಬರೆದಿದ್ದ ಸಾಲು. ‘ಸರಿಯಾದ ಮ್ಯಾಕ್ ವಿಳಾಸ ಸಿಗಲಿಲ್ಲ, ಒಂದನ್ನು ಹಾಗೇ ಆರಿಸಿಕೊಂಡಿದ್ದೇನೆ’ ಅನ್ನುವ ಅರ್ಥದ್ದು. ಆಮೇಲೆ ಇನ್ನೊಂದು ಫೈಲ್ ತೆರೆದು ತೋರಿಸಿದಳು. ಅದರಲ್ಲಿದ್ದದ್ದು ಒಂದೇ ಅಂಕಿ, 1. ಲಿನಕ್ಸಿನಲ್ಲಿ ಪ್ರತಿ ನೆಟ್ ಜೋಡಣೆಗೂ ಅದರ ವಿಳಾಸ ಎಲ್ಲಿಂದ ಬಂತು ಅಂತ ಗುರುತು ಇರುತ್ತದೆ. 0 ಅಂದರೆ ಹುಟ್ಟಿನಿಂದ ಬಂದದ್ದು, 1 ಅಂದರೆ ಹಾಗೇ ಆರಿಸಿಕೊಂಡದ್ದು.

‘ಅಂದ್ರೆ ಪೆಟ್ಗೆ ದಿನಾ ಹೇಳ್ತಿತ್ತಾ?’ ಅಂತ ಮಾವ ಕೇಳಿದರು. ಅವತ್ತು ಅವರು ಕೇಳಿದ ಮೊದಲ ಪ್ರಶ್ನೆ ಅದು.

‘ದಿನಾ ಹೇಳ್ತಿತ್ತು ಮಾವ. ಕೇಳೋರಿರ್ಲಿಲ್ಲ.’

ರೂಟರಿನ ಕಡೆಯ ಕಥೆ ಲಾಡ್ಜಿನ ಕಥೆ. ಟೆಕ್ನಿಷಿಯನ್ ಅದರಲ್ಲಿ ಆರೇ ರೂಮು ಇಟ್ಟಿದ್ದ. ಊರ ಹುಡುಗರೆಲ್ಲ ಡೇರಿ ಜಗಲಿ ಮೇಲೆ ಕೂತು ಡೇರಿಯ ನೆಟ್ಟಿನಲ್ಲಿ ಕ್ರಿಕೆಟ್ ನೋಡದಿರಲಿ ಅಂತ. ತಪ್ಪೇನಲ್ಲ. ಒಂದು ಸಲ ರೂಮು ಕೊಟ್ಟರೆ 24 ಗಂಟೆ ಅದು ಅವರದು. ಕರೆಂಟ್ ಹೋದಾಗ ಪೆಟ್ಟಿಗೆ ರೂಮು ಖಾಲಿ ಮಾಡಿದೆ ಅಂತ ಹೇಳದೆ ಸಾಯುತ್ತದೆ. ಬಂದಾಗ ಹೊಸ ನಂಬರ್ ಹೇಳಿ ಹೊಸ ರೂಮು ಕೇಳುತ್ತದೆ. ಒಂದು ರೂಮು ಮಾವನ ಫೋನಿಗೆ. ಉಳಿದ ಐದು ತುಂಬಿದ ಮೇಲೆ ಆರನೇ ಸಲ ಕರೆಂಟ್ ಹೋಗಿ ಬಂದರೆ ರೂಮಿಲ್ಲ. ಹಳೇ ರೂಮಿನ 24 ಗಂಟೆ ಮುಗಿಯುವವರೆಗೂ ಏನು ಮಾಡಿದರೂ ಇಲ್ಲ. ಇನ್ನೊಂದು ಸಲ ಆರಿಸಿ ಹಾಕಿದರೂ ಅಷ್ಟೇ.

ಹಾಗಾದರೆ ಮೊದಲ ವರ್ಷ ಯಾಕೆ ಸರಿ ಇತ್ತು? ಆಗ ಯುಪಿಎಸ್ ಬ್ಯಾಟರಿ ಚೆನ್ನಾಗಿತ್ತು, ಕರೆಂಟ್ ಹೋದರೂ ಪೆಟ್ಟಿಗೆ ಆರುತ್ತಿರಲಿಲ್ಲ. ಬ್ಯಾಟರಿ ಸತ್ತ ಮೇಲೆ ಶುರುವಾಗಿದ್ದು. ಮಾವ ಬ್ಯಾಟರಿಗೆ ಎರಡು ಸಲ ಅರ್ಜಿ ಕೊಟ್ಟಿದ್ದರು. ಆ ಅರ್ಜಿಯ ನಕಲು ಟೇಬಲ್ಲಿನ ಡ್ರಾಯರಿನಲ್ಲಿತ್ತು. ನಾನು ಕೇಳಿರಲಿಲ್ಲ.

ಮನೆಗೆ ಬರುವಾಗ ನನಗೆ ಸಿಟ್ಟು ಬಂದಿದ್ದು ಆ ಡ್ರೈವರ್ ಬರೆದವರ ಮೇಲೆ. ನಂಬರ್ ಇಲ್ಲ ಅಂದರೆ ನಿಲ್ಲಬೇಕಿತ್ತು, ಸುಳ್ಳು ನಂಬರ್ ಯಾಕೆ ಹೇಳಬೇಕು?

ಅಕ್ಕ ಒಪ್ಪಲಿಲ್ಲ. ಆ ರಾತ್ರಿ ಹಜಾರದಲ್ಲಿ ಕೂತು ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಇಂಥ ಸಣ್ಣ ಪೆಟ್ಟಿಗೆಗಳಲ್ಲಿ ಯಾವ ಚಿಪ್ ಎಲ್ಲಿದೆ ಅಂತ ಲಿನಕ್ಸಿಗೆ ತಾನಾಗಿ ಗೊತ್ತಾಗುವುದಿಲ್ಲ. ಯಾರಾದರೂ ಬರೆದುಕೊಡಬೇಕು. ಮೊದಲು ಒಂದೊಂದು ಬೋರ್ಡಿನ ವಿವರವನ್ನೂ ಲಿನಕ್ಸಿನ ಪ್ರೋಗ್ರಾಮಿನ ಒಳಗೇ ತುರುಕುತ್ತಿದ್ದರು. ಫೋನಿನ ಥರದ ಚಿಪ್ಪುಗಳು ಹೆಚ್ಚಾದಂತೆ ಅದು ಹುತ್ತದಂತೆ ಬೆಳೆಯಿತು. 2011ರಲ್ಲಿ ಟೋರ್ವಾಲ್ಡ್ಸ್ ಚೆನ್ನಾಗಿ ಗದರಿದ ಮೇಲೆ, ಅಂಥ ಬೋರ್ಡುಗಳ ವಿವರವನ್ನು ಬೇರೆಯದೇ ಒಂದು ಫೈಲಿನಲ್ಲಿ ಬರೆದಿಡುವ ಪದ್ಧತಿ ಹೆಚ್ಚಾಯಿತು. ಅದಕ್ಕೆ ಡಿವೈಸ್ ಟ್ರೀ ಅನ್ನುತ್ತಾರೆ. ಅಕ್ಕ ಅದನ್ನು ಬೋರ್ಡಿನ ಪಹಣಿ ಅಂದಳು. ಯಾವ ಸರ್ವೆ ನಂಬರಿನಲ್ಲಿ ಏನಿದೆ, ನೀರು ಎಲ್ಲಿಂದ, ದಾರಿ ಎಲ್ಲಿ. ಡ್ರೈವರ್ ಕೆಲಸ ಶುರು ಮಾಡುವ ಮುಂಚೆ ಪಹಣಿ ತೆಗೆದು ತನ್ನ ಸಾಲು ಓದುತ್ತದೆ.

ಪಹಣಿಯಲ್ಲಿ ಕಾಲಂ ಖಾಲಿ ಇದ್ದರೆ?

‘ಅದೇ ನಮ್ ಅರ್ಧ ಕೆಲ್ಸ’ ಅಂದಳು.

ಖಾಲಿ ಬೇರೆ, ಸೊನ್ನೆ ಬೇರೆ. ನಮ್ಮ ಪಹಣಿಯಲ್ಲೂ ಹಾಗೇ ತಾನೇ, ಖರಾಬು 0 ಗುಂಟೆ ಅಂದರೆ ಖರಾಬು ಇಲ್ಲ ಅಂತ. ಕಾಲಂ ಖಾಲಿ ಅಂದರೆ ಬರೆದೇ ಇಲ್ಲ ಅಂತ. ಲಿನಕ್ಸಿನಲ್ಲಿ ಡಿವೈಸ್ ಟ್ರೀಯಿಂದ ಒಂದು ಅಂಕಿ ಕೇಳಿದರೆ, ಆ ಹೆಸರಿನ ಸಾಲೇ ಇಲ್ಲದಿದ್ದರೆ ಮೈನಸ್ 22 ಅಂತ ಉತ್ತರ ಬರುತ್ತದೆ. ಸಾಲಿದ್ದು ಅದರ ಮುಂದೆ ಬೆಲೆ ಬರೆದಿಲ್ಲದಿದ್ದರೆ ಮೈನಸ್ 61. ಎರಡಕ್ಕೂ ಬೇರೆ ಬೇರೆ ಉತ್ತರ ಇಟ್ಟಿದ್ದಾರೆ. ಜೊತೆಗೆ, ಅಂಕಿ ಸಿಗದಿದ್ದರೆ ಕೇಳಿದವನ ಪಾತ್ರೆಯನ್ನು ಅದು ಮುಟ್ಟುವುದಿಲ್ಲ. ಮೊದಲೇ ಪಾತ್ರೆಯಲ್ಲಿ ಏನಿತ್ತೋ ಅದೇ ಉಳಿಯುತ್ತದೆ. ಹಾಗಾಗಿ ಬರೆಯುವವರು ಮೊದಲು ಒಂದು ಒಪ್ಪುವ ಬೆಲೆ ಹಾಕಿಟ್ಟು ಆಮೇಲೆ ಕೇಳುತ್ತಾರೆ. ಸಿಕ್ಕರೆ ಬದಲಾಗಲಿ, ಇಲ್ಲದಿದ್ದರೆ ಇದೇ ಇರಲಿ ಅಂತ. ಏನೂ ಹಾಕದೆ ಕೇಳಿ, ಉತ್ತರವನ್ನೂ ನೋಡದೆ ಮುಂದೆ ಹೋದರೆ ಪಾತ್ರೆಯಲ್ಲಿದ್ದ ಹಳೇ ಗಲೀಜೇ ಬೆಲೆ ಅಂತ ಆಗುತ್ತದೆ. ಅಂಥ ತಪ್ಪು ಇವತ್ತು ಓಡುತ್ತದೆ, ನಾಳೆ ಓಡುವುದಿಲ್ಲ. ಹಿಡಿಯುವುದು ಬಹಳ ಕಷ್ಟವಂತೆ.

ಕೆಲವು ಖಾಲಿಗೆ ತೊಂದರೆ ಇಲ್ಲ. ಗುಂಡಿ ಒತ್ತಿದಾಗ ಅದರ ಲೋಹ ಸ್ವಲ್ಪ ನಡುಗುತ್ತದೆ, ಒಂದು ಒತ್ತು ನಾಲ್ಕು ಒತ್ತಿನ ಹಾಗೆ ಕಾಣುತ್ತದೆ. ಎಷ್ಟು ಹೊತ್ತು ತಾಳಬೇಕು ಅಂತ ಪಹಣಿಯಲ್ಲಿ ಬರೆಯಬಹುದು. ಬರೆಯದಿದ್ದರೆ ಗುಂಡಿಗಳ ಡ್ರೈವರ್ ತಾನೇ 5 ಮಿಲಿಸೆಕೆಂಡ್ ಅಂದುಕೊಳ್ಳುತ್ತದೆ. ಯಾರ ಗಂಟೂ ಹೋಗುವುದಿಲ್ಲ. ಇನ್ನು ಕೆಲವು ಕಡೆ ಖಾಲಿ ಇರುವುದೇ ಉತ್ತರ. ಮಲಗಿದ ಯಂತ್ರವನ್ನು ಈ ಗುಂಡಿ ಎಬ್ಬಿಸಬಹುದು ಅಂತ ಒಂದು ಸಾಲು ಇರುತ್ತದೆ. ಸಾಲಿದ್ದರೆ ಹೌದು, ಇಲ್ಲದಿದ್ದರೆ ಇಲ್ಲ, ಮುಗಿಯಿತು.

ಮತ್ತೆ ಕೆಲವಕ್ಕೆ ಕಾಯಬೇಕು. ಬೆಲೆ ಇದೆ, ಆದರೆ ಅದನ್ನು ಇಟ್ಟುಕೊಂಡಿರುವ ಚಿಪ್ಪೇ ಇನ್ನೂ ಎದ್ದಿಲ್ಲ. ಆಗ ಡ್ರೈವರ್ ಮೈನಸ್ 517 ಅಂತ ಹೇಳಿ ಹಿಂದೆ ಸರಿಯುತ್ತದೆ. ಸಾಹೇಬ್ರು ಇನ್ನೂ ಬಂದಿಲ್ಲ, ಆಮೇಲೆ ಬರ್ತೀನಿ ಅಂತ ತಾಲ್ಲೂಕು ಆಫೀಸಿನಿಂದ ನಾವು ವಾಪಸ್ ಬರುತ್ತೇವಲ್ಲ, ಹಾಗೆ. ನಮಗೂ ಡ್ರೈವರಿಗೂ ವ್ಯತ್ಯಾಸ ಏನೆಂದರೆ, ಡ್ರೈವರನ್ನು ಲಿನಕ್ಸ್ ತಾನೇ ಮತ್ತೆ ಕರೆಯುತ್ತದೆ.

ಅಕ್ಕ ಕೆಲಸಕ್ಕೆ ಸೇರಿದ ಹೊಸದರಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಒಂದು ಚಿಪ್ಪಿಗೆ ಡ್ರೈವರ್ ಬರೆದಿದ್ದಳಂತೆ. ಎಷ್ಟು ಕರೆಂಟ್ ತುಂಬಬೇಕು ಅನ್ನುವ ಬೆಲೆ ಪಹಣಿಯಲ್ಲಿ ಇಲ್ಲದಿದ್ದರೆ, ಸಾಮಾನ್ಯವಾಗಿ ಎಲ್ಲರೂ ಹಾಕುವ ಒಂದು ಅಂಕಿಯನ್ನು ತಾನೇ ಹಾಕಿದ್ದಳು. ಲಾಗಿನಲ್ಲಿ ಒಂದು ಸಾಲೂ ಬರೆಯದೆ. ಪರಿಶೀಲನೆ ಮಾಡುವ ಹಿರಿಯರು ವಾಪಸ್ ಕಳಿಸಿದರು. ಅವರು ಕೇಳಿದ್ದು ಒಂದೇ ಮಾತು, ಆ ಬ್ಯಾಟರಿ ಅಷ್ಟು ತಡೆಯುತ್ತೆ ಅಂತ ನಿನಗೆ ಯಾರು ಹೇಳಿದ್ರು? ಸಣ್ಣ ಬ್ಯಾಟರಿಗೆ ದೊಡ್ಡ ಕರೆಂಟ್ ತುಂಬಿದರೆ ಅದು ಕಾಯುತ್ತದೆ, ಉಬ್ಬುತ್ತದೆ, ಹೊತ್ತಿಕೊಳ್ಳಲೂಬಹುದು. ಲಿನಕ್ಸಿನಲ್ಲಿ ಬ್ಯಾಟರಿ ವಿವರ ಓದುವ ಭಾಗ, ಗೊತ್ತಿಲ್ಲದ ಅಂಕಿಗಳ ಜಾಗದಲ್ಲಿ ಮೊದಲೇ ಅದೇ ಮೈನಸ್ 22 ತುಂಬಿಡುತ್ತದೆ. ಸೊನ್ನೆ ಇಟ್ಟರೆ ಅದೂ ಒಂದು ನಿಜವಾದ ಬೆಲೆ ಅಂತ ಯಾರಾದರೂ ನಂಬಿಬಿಟ್ಟಾರು ಅಂತ.

‘ಅಲ್ಲಿ ನಿಲ್ಬೇಕು. ಡೇರಿ ಪೆಟ್ಗೇಲಿ ನಿಲ್ಬಾರ್ದು. ನಂಬರ್ ಇಲ್ಲ ಅಂತ ನೆಟ್ ಡ್ರೈವರ್ ನಿಂತಿದ್ರೆ ಮೊದಲ್ನೇ ದಿನದಿಂದ್ಲೇ ನೆಟ್ ಇರ್ತಿರ್ಲಿಲ್ಲ. ಅವ್ನು ಊಹೆ ಮಾಡ್ದ, ಊಹೆ ಅಂತ ಬರ್ದೂ ಇಟ್ಟ. ನಂಬರಿನ ಮೇಲೇನೇ ಗುರುತು ಹಾಕ್ದ, ನೋಡ್ದೋರಿಗೆ ಗೊತ್ತಾಗ್ಲಿ ಅಂತ.’ ಆಮೇಲೆ ನನ್ನ ಕಡೆ ತಿರುಗಿ, ‘ನೀನೂ ಊಹೆ ಮಾಡಿದ್ಯಲ್ಲ, ಗುರುತು ಎಲ್ಲಿ ಹಾಕಿದ್ಯೋ?’ ಅಂದಳು.

‘ಹೇಳುತ್ತಾರೆ ಅಂತ ಹಾಕಿದೀನಿ’ ಅಂದೆ.

ಅವಳು ಎದ್ದು ನೀರು ಕುಡಿಯಲು ಹೋದಳು.

ಪೆಟ್ಟಿಗೆಗೆ ನಂಬರ್ ಯಾಕಿರಲಿಲ್ಲ ಅನ್ನುವುದು ಮಾರನೇ ದಿನ ಗೊತ್ತಾಯಿತು. ಪೆಟ್ಟಿಗೆ ಮಗುಚಿದರೆ ತಳದಲ್ಲಿ ಒಂದು ಸ್ಟಿಕ್ಕರ್. ಅದರ ಮೇಲೆ ಆರು ಜೋಡಿ ಅಂಕಿಗಳ ನಂಬರ್ ಸ್ಪಷ್ಟವಾಗಿ ಅಚ್ಚಾಗಿತ್ತು. ತಯಾರಾದ ಕಡೆ ಸ್ಟಿಕ್ಕರ್ ಅಂಟಿಸಿದ್ದಾರೆ, ಆ ನಂಬರನ್ನು ಒಳಗಿನ ನೆನಪಿನ ಚಿಪ್ಪಿನಲ್ಲಿ ಬರೆಯುವುದನ್ನು ಬಿಟ್ಟಿದ್ದಾರೆ. ಏನೂ ಬರೆಯದ ಅಂಥ ಚಿಪ್ಪನ್ನು ಓದಿದರೆ ಎಲ್ಲ ಜಾಗದಲ್ಲೂ ಎಫ್ ಬರುತ್ತದೆ. ಆರು ಜೋಡಿ ಎಫ್‌ಎಫ್. ತಮಾಷೆ ಎಂದರೆ ನೆಟ್ಟಿನ ಭಾಷೆಯಲ್ಲಿ ಅದಕ್ಕೊಂದು ಅರ್ಥ ಇದೆ, ‘ಎಲ್ಲರಿಗೂ’ ಅಂತ. ಡಂಗುರದ ವಿಳಾಸ. ಅದನ್ನೇ ತನ್ನ ವಿಳಾಸ ಅಂತ ಒಬ್ಬ ಇಟ್ಟುಕೊಂಡರೆ ಕೆಲಸ ಕೆಡುತ್ತದೆ. ಅದಕ್ಕೇ ಡ್ರೈವರ್ ಮೊದಲು ನಂಬರ್ ಸರಿಯಿದೆಯಾ ಅಂತ ನೋಡುವುದು. ಎಲ್ಲ ಸೊನ್ನೆಯೂ ಬೇಡ, ಗುಂಪಿಗೆ ಕೂಗುವ ವಿಳಾಸವೂ ಬೇಡ.

ಅಕ್ಕ ಪೆಟ್ಟಿಗೆಯಲ್ಲಿ ಏನನ್ನೂ ಬದಲಿಸಲಿಲ್ಲ. ಅದು ಡೇರಿಯ ಸ್ವತ್ತು, ನಾಳೆ ಏನಾದರೂ ಆದರೆ ಮಾವನ ತಲೆಗೇ ಬರುತ್ತದೆ ಅಂದಳು. ಅಧ್ಯಕ್ಷರನ್ನು ಕೇಳಿ ರೂಟರಿನಲ್ಲಿ ಆರು ರೂಮಿದ್ದದ್ದನ್ನು ಐವತ್ತು ಮಾಡಿದಳು, ಪಾಸ್‌ವರ್ಡ್ ಬದಲಿಸಿದಳು. ಅವತ್ತು ಸಂಜೆಯೇ ಚೀಟಿ ಬಂತು. ಟೆಕ್ನಿಷಿಯನ್ನಿಗೆ ಫೋನ್ ಮಾಡಿ, ಯಂತ್ರ ಏಳುವಾಗ ಲಿನಕ್ಸಿಗಿಂತ ಮುಂಚೆ ಓಡುವ ಯು-ಬೂಟ್ ಎಂಬ ಪ್ರೋಗ್ರಾಮಿನಲ್ಲಿ ಸ್ಟಿಕ್ಕರಿನ ನಂಬರನ್ನು ಎಲ್ಲಿ ಬರೆಯಬೇಕು ಅಂತ ಹೇಳಿದಳು. ಅಲ್ಲಿ ಬರೆದರೆ ಅದೇ ಡಿವೈಸ್ ಟ್ರೀಯ ಕಾಲಂ ತುಂಬಿಸಿ ಲಿನಕ್ಸಿನ ಕೈಗೆ ಕೊಡುತ್ತದೆ. ಅವನು ಒಂಬತ್ತು ದಿನ ಬಿಟ್ಟು ಬಂದು ಬರೆದು ಹೋದ. ಸುತ್ತಮುತ್ತ ಇನ್ನೆಷ್ಟು ಡೇರಿಗಳಲ್ಲಿ ಇದೇ ಪೆಟ್ಟಿಗೆ ಇದೆಯೋ, ಎಲ್ಲವನ್ನೂ ಮಗುಚಿ ನೋಡುತ್ತೀನಿ ಅಂದ. ನಿಮ್ಮೂರ ಡೇರಿಯಲ್ಲೂ ಕರೆಂಟ್ ಹೆಚ್ಚು ಹೋದ ದಿನವೇ ಚೀಟಿ ನಿಲ್ಲುತ್ತಿದ್ದರೆ ಒಮ್ಮೆ ರೂಟರಿನ ಪಟ್ಟಿ ನೋಡಿ. ಒಂದೇ ಹೆಸರು ನಾಲ್ಕೈದು ಸಲ ಕಂಡರೆ ಇದೇ ಕಾಯಿಲೆ.

ಆಮೇಲೆ ನಾನು ಮಾವನ ಹತ್ತಿರ ಆ ತಿಂಗಳ ಪುಸ್ತಕ ಕೇಳಿದೆ. ಕೊಡುವುದಿಲ್ಲ ಅಂದುಕೊಂಡಿದ್ದೆ, ಕೊಟ್ಟರು. ಚೀಟಿ ಇಲ್ಲದ ಹೊತ್ತುಗಳ ಅಂಚಿನಲ್ಲಿ ಪೆನ್ಸಿಲಿನಲ್ಲಿ ‘ಕ. 6’, ‘ಕ. 8’ ಅಂತ ಬರೆದಿದ್ದರು. ಕರೆಂಟ್ ಎಷ್ಟು ಸಲ ಹೋಯಿತು ಅಂತ. ಹೋದ ವರ್ಷವೇ ಬರೆದದ್ದು. 17ರಲ್ಲಿ 15 ಹೊತ್ತಿನ ಎದುರು ಆ ಗುರುತಿತ್ತು. ಉಳಿದ ಎರಡರ ಎದುರು ಏನೂ ಇರಲಿಲ್ಲ. ಮಾವನಿಗೂ ನೆನಪಿಲ್ಲ. ಆ ಎರಡಕ್ಕೆ ನಾನು ಕಾರಣ ಬರೆಯುವುದಿಲ್ಲ.

ಹಳೇ ಬರಹದ ಆ ಕೊನೆಯ ಸಾಲನ್ನು ತೆಗೆದಿಲ್ಲ. ತೆಗೆದರೆ ಬರೆದೇ ಇರಲಿಲ್ಲ ಅನ್ನುವ ಹಾಗಾಗುತ್ತದೆ. ಅದರ ಮೇಲೆ ಗೆರೆ ಎಳೆದು, ಇದು ತಪ್ಪು ಅಂತ ಬರೆದು, ಈ ಬರಹದ ಕೊಂಡಿ ಹಾಕಿದ್ದೇನೆ. ವಾಟ್ಸಾಪ್ ಗುಂಪುಗಳಲ್ಲಿ ಹಳೆಯದು ಓಡಾಡಿದಷ್ಟು ಇದು ಓಡಾಡುವುದಿಲ್ಲ ಅಂತ ನನಗೂ ಗೊತ್ತು. ನಿಮ್ಮಲ್ಲಿ ಯಾರು ಅದನ್ನು ಕಳಿಸಿದ್ದಿರೋ ಅವರೇ ಇದನ್ನೂ ಕಳಿಸಿದರೆ ಉಪಕಾರ.

ಹಾಕುವ ಮುಂಚೆ ಇದನ್ನು ಮಾವನ ಫೋನಿಗೆ ಕಳಿಸಿದ್ದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಇವತ್ತು ಬೆಳಗ್ಗೆ ಹಾಲು ತಗೊಂಡು ಹೋದಾಗ ತೂಕ ಮಾಡಿದರು, ಚೀಟಿ ಹರಿದು ಕೈಗೆ ಕೊಟ್ಟರು. ‘ಫ್ಯಾಟ್ ಕಮ್ಮಿ ಆಗ್ಯದೆ, ಅಮ್ಮಂಗೆ ಹಿಂಡಿ ಬದ್ಲಾಯ್ಸಕ್ಕೇಳು’ ಅಂದರು.